ಒಂದು ಒಲೆಗೆ ಒಂದು ಪಾಲು

ಬೋಳಾರದ ಹೊಳೆಬದಿಯಲ್ಲಿ ಅಮ್ಮಣ್ಣಿಯ ಮನೆ ಎಂದರೆ ಅಮ್ಮಣ್ಣಿಯ ಅಡುಗೆಮನೆ. ಉಳಿದ ಕೋಣೆಗಳೆಲ್ಲ ಅದಕ್ಕೆ ಅಂಟಿಕೊಂಡವು, ಅಷ್ಟೆ. ತಾಯಿಯಿಂದ ಬಂದ ಮನೆ, ತಾಯಿಯಿಂದ ಬಂದ ಒಲೆ. ಗಂಡ ತುಕ್ರಣ್ಣ ಮದುವೆಯಾಗಿ ಈ ಮನೆಗೇ ಬಂದವನು. ತಲೆ ನೆರೆತರೂ ಪಾತ್ರೆಯ ಮುಚ್ಚಳ ತೆಗೆದು ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಮಗ ರಿತೇಶ್ ಮೀನುಗಾರಿಕೆ ಬಂದರಾದ ದಕ್ಕೆಯಿಂದ ಹೊರಡುವ ಟ್ರಾಲ್‌ಬೋಟಿನಲ್ಲಿ ದುಡಿಯುತ್ತಿದ್ದ. ಹೋದನೆಂದರೆ ಹತ್ತು ದಿನ ಮುಖ ಕಾಣುವಂತಿಲ್ಲ. ಸೊಸೆ ಅಕ್ಷಿತಾ ಮಲ್ಪೆ ಕಡೆಯವಳು, ಮಾತು ಕಡಿಮೆ. ಮಗಳು ಮಾನ್ಯಾ ಬಿ.ಎಸ್ಸಿ. ಮುಗಿಸಿ, ಕೊಡಿಯಾಲ್‌ಬೈಲಿನ ಬಟ್ಟೆ ಅಂಗಡಿಯೊಂದರಲ್ಲಿ ಇಡೀ ದಿನ ನಿಂತು ಸೀರೆ ಬಿಡಿಸಿ ಮಡಚುತ್ತಿದ್ದಳು. ಜನ ಐದು, ಒಲೆ ಒಂದು. ಯಾರ ಬಟ್ಟಲಿಗೆ ಮೀನಿನ ಯಾವ ತುಂಡು ಬೀಳಬೇಕು ಎಂಬುದು ಅಮ್ಮಣ್ಣಿಯ ಸೌಟು ಹೇಳಿದ ಹಾಗೆ.

ಮನೆಯೆದುರು ಹೊಳೆ. ಹೊಳೆಯ ನಡುವೆ, ಉಪ್ಪುನೀರಿನಲ್ಲಿ ಬೇರು ಬಿಡುವ ಕಾಂಡ್ಲ ಮರಗಳು ಒತ್ತೊತ್ತಾಗಿ ಬೆಳೆದ ನಡುಗಡ್ಡೆ, ನಡುಕುದ್ರು. ನೀರು ಇಳಿದಾಗ ಆ ಕುದ್ರುವಿನ ಕೆಸರಿನಲ್ಲಿ ಕೂತು ಮರುವಾಯಿ ಚಿಪ್ಪು ಹೆಕ್ಕಿಯೇ ಅಮ್ಮಣ್ಣಿ ಮಕ್ಕಳನ್ನು ಸಾಕಿದ್ದು. ಅವಳ ಜೊತೆಗಾತಿ ಓಣಿಯ ಕೊನೆಯ ಮನೆಯ ಮುಮ್ತಾಝ್. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಯನ್ನು ಇವರಿಬ್ಬರನ್ನು ನೋಡಿಯೇ ಮಾಡಿದ್ದಿರಬೇಕು ಎಂದು ತುಕ್ರಣ್ಣ ತಮಾಷೆ ಮಾಡುತ್ತಿದ್ದ.

ಆಮೇಲೆ ಅರಣ್ಯ ಇಲಾಖೆಯವರು ಕುದ್ರುವನ್ನು ರಕ್ಷಿತ ವನ ಮಾಡಿದರು. ಸುತ್ತ ಕೆಂಪು ಕಂಬ ನೆಟ್ಟರು. ಕಂಬದ ಒಳಗೆ ಬಲೆ ಹಾಕುವಂತಿಲ್ಲ, ಮರುವಾಯಿ ಹೆಕ್ಕುವಂತಿಲ್ಲ, ಒಣಗಿದ ಕಾಂಡ್ಲದ ಕಡ್ಡಿಯನ್ನೂ ಮುರಿಯುವಂತಿಲ್ಲ. ಮರಗಳ ನಡುವೆ ಹಲಗೆಯ ದಾರಿ ಬಂತು, ಬೋಟು ಬಂತು, ಆದಿತ್ಯವಾರ ಕಾರುಗಳ ಸಾಲು ಬಂತು. ದಂಡೆಯ ಜನ ಮಾತ್ರ ಈಚೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ರಾತ್ರೋರಾತ್ರಿ ನಾಲ್ಕು ಕಂಬಗಳು ಕಿತ್ತುಬಂದು ಹೊಳೆಯಲ್ಲಿ ತೇಲಿದ್ದೂ ಉಂಟು.

ಜಗಳ ಬಿಡಿಸಿದ್ದು ಜೆಪ್ಪುವಿನ ನೊರ್ಬರ್ಟ್ ಮಾಸ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಗದರಿಸಲು ಮಕ್ಕಳಿರಲಿಲ್ಲ. ಹಾಗಾಗಿ ಅಧಿಕಾರಿಗಳನ್ನು ಹಿಡಿದುಕೊಂಡರು. "ಕಾಡಿನ ಬದಿಯಲ್ಲಿ ಇರುವವರ ಹೊಟ್ಟೆ ಖಾಲಿ ಇಟ್ಟು ನೀವು ಯಾವ ಕಾಡು ಉಳಿಸ್ತೀರಿ?" ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಒಪ್ಪಂದವಾಯಿತು. ಕುದ್ರುವಿನ ಬೋಟು, ಹಲಗೆದಾರಿ, ಕ್ಯಾಂಟೀನು, ಎಲ್ಲದರ ಕೆಲಸ ದಂಡೆಯವರಿಗೇ, ಸರದಿಯ ಮೇಲೆ. ಪ್ರತಿಯಾಗಿ ಕಂಬದ ಒಳಗೆ ಯಾರೂ ಕಾಲಿಡಬಾರದು. ಕಾಲಿಟ್ಟ ಮನೆಗೆ ಒಂದು ವರ್ಷ ಪಾಲಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಮಾಸ್ಟ್ರ ಹಿರಿತನದಲ್ಲಿ ಒಂದು ಸಮಿತಿಯೂ ಆಯಿತು.

ಒಂದು ಪಾಲೆಂದರೆ ಒಬ್ಬರಿಗೆ ಕೆಲಸ. ಪಾಲನ್ನು ಹೇಗೆ ಲೆಕ್ಕ ಮಾಡುವುದು? ಕೆಲವು ಮನೆಗೆ ಮೂರು ರೇಷನ್ ಕಾರ್ಡು, ಕೆಲವಕ್ಕೆ ಒಂದೂ ಇಲ್ಲ. ಆಗ ತುಕ್ರಣ್ಣ ಎದ್ದು ನಿಂತು ಹೇಳಿದ: "ಹಿಂದೆ ದೊಡ್ಡ ಬಲೆಗೆ ಮೀನು ಬಿದ್ರೆ ಈ ದಂಡೆಯಲ್ಲಿ ಒಲೆ ಲೆಕ್ಕದಲ್ಲಿ ಹಂಚುವುದು. ಒಂದು ಒಲೆಗೆ ಒಂದು ಪಾಲು. ಯಾವ ಮನೆಯಲ್ಲಿ ಒಲೆ ಉರೀತದೆ ಅಂತ ಎಲ್ಲರಿಗೂ ಕಾಣ್ತದಲ್ವಾ?" ಸಭೆ ತಲೆದೂಗಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾಲ್ಕು ಜನ ತನ್ನ ಮಾತು ಕೇಳಿದರೆಂದು ತುಕ್ರಣ್ಣ ಎರಡು ದಿನ ಎದೆಯುಬ್ಬಿಸಿ ತಿರುಗಿದ.

ಮೂರನೆಯ ದಿನ ಅವನ ಮನೆಯಲ್ಲೇ ಜಗಳ ಎದ್ದಿತು.

ರಾತ್ರಿ ಊಟಕ್ಕೆ ಕೂತಿದ್ದರು. ಗಂಜಿ, ಬಂಗುಡೆ ಗಸಿ.

"ಕುದ್ರುವಿನ ಕೆಲಸಕ್ಕೆ ನಾನು ಹೋಗ್ತೇನೆ," ಎಂದ ರಿತೇಶ್. "ಬೋಟು ಬಿಡ್ಲಿಕ್ಕೆ ಮನೆಯಲ್ಲಿ ಇನ್ಯಾರಿಗೆ ಗೊತ್ತುಂಟು?"

"ಬೋಟು ಬಿಟ್ರೆ ಆಯ್ತಾ? ಬಂದವರಿಗೆ ಯಾವ ಹಕ್ಕಿ, ಯಾವ ಮರ ಅಂತ ಹೇಳುವವರು ಬೇಡ್ವಾ?" ಮಾನ್ಯಾ ಗಂಜಿಯ ಬಟ್ಟಲು ಕೆಳಗಿಟ್ಟಳು. "ಗೈಡ್ ಕೆಲಸ ಉಂಟು ಅಣ್ಣ. ನಾನು ಓದಿದ್ದೇ ಅದು. ಸೀರೆ ಮಡಚಿ ಮಡಚಿ ನನ್ನ ಸೊಂಟ ಹೋಯ್ತು."

"ನಿನಗೆ ನಾಳೆ ಮದುವೆ ಆಗ್ತದೆ."

"ಆದ್ರೆ? ಮದುವೆಯಾದವರು ಉಣ್ಲಿಕ್ಕೆ ಇಲ್ವಾ?"

ಆಗ ಅಕ್ಷಿತಾ ಬಾಯಿ ಬಿಟ್ಟಳು. ಅವಳು ಬಾಯಿ ಬಿಡುವುದೇ ಅಪರೂಪವಾದ್ದರಿಂದ ಎಲ್ಲರೂ ತಿರುಗಿ ನೋಡಿದರು. "ಮಾಮಿ, ಮದುವೆಯಾಗಿ ಮೂರು ವರ್ಷ ಆಯ್ತು. ಅದರಲ್ಲಿ ಅರ್ಧ ಇವ್ರು ಸಮುದ್ರದಲ್ಲೇ. ಗಾಳಿ ಬೀಸಿದ ದಿನ ನನಗೆ ಅನ್ನ ಇಳಿಯುವುದಿಲ್ಲ. ಇವ್ರಿಗೆ ಆ ಕೆಲಸ ಸಿಕ್ಕಿದ್ರೆ ಸಂಜೆ ಮನೆಗೆ ಬರ್ತಾರಲ್ಲ."

ಅಮ್ಮಣ್ಣಿಗೆ ಇಬ್ಬರದೂ ಸರಿ. ಎರಡು ಕಣ್ಣಲ್ಲಿ ಯಾವುದು ಬೇಕು ಎಂದು ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಉಪಾಯ ಹುಡುಕಿದವನು ರಿತೇಶನೇ. "ಒಂದು ಒಲೆಗೆ ಒಂದು ಪಾಲು. ಹಾಗಾದ್ರೆ ಎರಡು ಒಲೆಗೆ ಎರಡು ಪಾಲು. ಹಿಂದಿನ ಜಗಲಿಯಲ್ಲಿ ಒಂದು ಒಲೆ ಇಡುವ. ನಾನೂ ಅಕ್ಷಿತಾನೂ ಬೇರೆ ಅಂತ ಹೇಳುವ. ಸಮಿತಿಯವರು ನೋಡಿ ಹೋದ್ಮೇಲೆ ತೆಗೆದ್ರಾಯ್ತು."

"ಒಲೆ ಅಂದ್ರೆ ಎಂತ ಅಂತ ತಿಳ್ಕೊಂಡಿದ್ದಿ ನೀನು? ಮೊಬೈಲಿನ ಸಿಮ್ಮಾ, ಎರಡೆರಡು ಹಾಕ್ಲಿಕ್ಕೆ?" ಎಂದು ಅಮ್ಮಣ್ಣಿ ಸಿಡುಕಿದಳು. "ಒಲೆ ಬೇರೆ ಮಾಡುವುದು ಆಟ ಅಲ್ಲ."

"ಎರಡು ದಿನದ ಮಟ್ಟಿಗೆ ಮಾರಾಯ್ತಿ," ಎಂದ ತುಕ್ರಣ್ಣ. "ಮಕ್ಕಳಿಬ್ಬರಿಗೂ ದಾರಿ ಆಗ್ತದಲ್ಲ."

ಮಕ್ಕಳಿಬ್ಬರಿಗೂ ಎಂಬ ಮಾತೇ ಅವಳನ್ನು ಸೋಲಿಸಿದ್ದು. ಸರಿ ಎಂದಳು. ಆದರೆ ಮರುದಿನ ಬೆಳಿಗ್ಗೆ ಹಿಂದಿನ ಜಗಲಿಯಲ್ಲಿ ರಿತೇಶ್ ಹೊಸ ಗ್ಯಾಸ್ ಒಲೆ ಇಟ್ಟು ಲೈಟರ್ ಎತ್ತಿದಾಗ, "ನಿಲ್ಲು ಮಾರಾಯ!" ಎಂದು ಓಡಿಬಂದಳು. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಬೇಕು. ಸುಳ್ಳು ಒಲೆಯಾದರೇನು, ಬೆಂಕಿ ಸುಳ್ಳೇ? ಹಾಲುಕ್ಕಿಸದೆ ಹಚ್ಚಿದರೆ ಮನೆಗೆ ಅಪಶಕುನ. ಅವಳೇ ಸ್ನಾನ ಮಾಡಿ ಬಂದು, ಒಲೆಗೆ ಕುಂಕುಮ ಹಚ್ಚಿ, ಮಂಗಳಾದೇವಿಯನ್ನು ನೆನೆದು, ಸೊಸೆಯ ಕೈಯಲ್ಲಿ ಹಾಲಿಡಿಸಿದಳು. ಹಾಲು ಮೂಡು ದಿಕ್ಕಿಗೆ ಉಕ್ಕಿ ಚೆಲ್ಲಿತು. "ಒಳ್ಳೆದಾಯ್ತು," ಎಂದು ಕೈಮುಗಿದಳು. ಹೀಗೆ ಸುಳ್ಳು ಸಂಸಾರಕ್ಕೆ ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿಸಿದವಳು ಅಮ್ಮಣ್ಣಿಯೇ.

ನೊರ್ಬರ್ಟ್ ಮಾಸ್ಟ್ರು ಬಂದರು. ಮುಂದಿನ ಒಲೆ ನೋಡಿದರು, ಹಿಂದಿನ ಒಲೆ ನೋಡಿದರು, ಕನ್ನಡಕ ಒರೆಸಿಕೊಂಡು ತುಕ್ರಣ್ಣನನ್ನೂ ನೋಡಿದರು. ತುಕ್ರಣ್ಣ ಹೊಳೆ ನೋಡಿದ.

"ಯಾವಾಗ ಬೇರೆ ಆದದ್ದು?"

"ಮೊನ್ನೆ ಮಾಸ್ಟ್ರೇ," ಎಂದ ರಿತೇಶ್.

"ಸಂತೋಷ. ಪಾಲು ಕೊಡುವ. ಆದ್ರೆ ನಾನು ಆಗಾಗ ಬರ್ತೇನೆ, ಗೊತ್ತಾಯ್ತಾ? ಊಟದ ಹೊತ್ತಿಗೇ ಬರ್ತೇನೆ. ತಣ್ಣಗಿನ ಒಲೆಗೆ ಪಾಲಿಲ್ಲ."

ಎರಡು ದಿನದ ಆಟ ಹೀಗೆ ದಿನನಿತ್ಯದ ಬಾಳಾಯಿತು.

ಮೊದಲ ವಾರ ಮಜವಾಗಿಯೇ ಇತ್ತು. ಮಾನ್ಯಾ ಖಾಕಿ ಟೊಪ್ಪಿ ಹಾಕಿಕೊಂಡು ಹಲಗೆದಾರಿಯಲ್ಲಿ ಶಾಲೆಮಕ್ಕಳಿಗೆ ಏಡಿ ತೋರಿಸಿದಳು. ರಿತೇಶ್ ಬೋಟು ಬಿಟ್ಟು ಸಂಜೆ ಹೊತ್ತಿಗೆ ಮನೆ ಸೇರಿದ. ಮುಂದಿನ ಅಡುಗೆಮನೆಯಿಂದ ಹಿಂದಕ್ಕೊಂದು ಬಟ್ಟಲು, ಹಿಂದಿನಿಂದ ಮುಂದಕ್ಕೊಂದು ಬಟ್ಟಲು. ಹಬ್ಬವಾದದ್ದು ತುಕ್ರಣ್ಣನಿಗೆ. ಮುಂದೆ ಹೆಂಡತಿಯ ಕೈಯ ಊಟ ಮುಗಿಸಿ, ಬೀಡಿ ಸೇದುವ ನೆಪದಲ್ಲಿ ಹಿಂದೆ ಹೋಗಿ ಸೊಸೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಪುಂಡಿಯನ್ನೂ ಬಾರಿಸುತ್ತಿದ್ದ. ತಿಂಗಳೊಳಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ.

ಅಕ್ಷಿತಾ ಬದಲಾದದ್ದನ್ನು ಮೊದಲು ಕಂಡವಳು ಅಮ್ಮಣ್ಣಿಯೇ. ಹುಡುಗಿ ಒಲೆಯ ಮುಂದೆ ನಿಂತು ಗುನುಗುತ್ತಿದ್ದಳು. ತೆಂಗಿನಕಾಯಿ ತನಗೆ ಬೇಕಾದಷ್ಟು ಹಾಕುತ್ತಿದ್ದಳು. ಮಲ್ಪೆಯ ಅಮ್ಮನಿಗೆ ಫೋನು ಮಾಡಿ, "ಇವತ್ತು ನಿನ್ನ ಹಾಗೆಯೇ ಮಾಡಿದೆ," ಎಂದು ನಗುತ್ತಿದ್ದಳು. ಮೂರು ವರ್ಷ ತನ್ನ ಅಡುಗೆಮನೆಯಲ್ಲಿ ಈ ನಗು ಕೇಳಿದ ನೆನಪು ಅಮ್ಮಣ್ಣಿಗಿರಲಿಲ್ಲ. ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅದು ಹೊಟ್ಟೆಕಿಚ್ಚೇ, ಬೇರೆ ಹೆಸರು ಹುಡುಕುವುದು ಯಾಕೆ?

ಒಂದು ಬೆಳಿಗ್ಗೆ ಮೀನಿನವಳು ಬಂದಾಗ ಅಕ್ಷಿತಾ ಹಿಂದಿನ ಬಾಗಿಲಿನಿಂದಲೇ ಬೂತಾಯಿ ಕೊಂಡುಕೊಂಡಳು.

"ನಾನು ಇಲ್ಲಿ ಎಲ್ಲರಿಗೂ ತೆಗೊಂಡಿದ್ದೇನಲ್ಲ," ಎಂದಳು ಅಮ್ಮಣ್ಣಿ.

"ಬೇಡ ಮಾಮಿ, ಇವ್ರಿಗೆ ಬೂತಾಯಿ ಇಷ್ಟ."

"ಅವನಿಗೆ ಎಂತ ಇಷ್ಟ ಅಂತ ನನಗೆ ನೀನು ಹೇಳ್ಬೇಕಾ? ಹೆತ್ತವಳು ನಾನು!"

"ಹೆತ್ತದ್ದು ನೀವೇ ಮಾಮಿ. ಆದ್ರೆ ಅವ್ರು ನಿಮ್ಮ ಗಸಿಗೆ ಹೆದರಿ ಹೇಳ್ಲಿಲ್ಲ, ಅಷ್ಟೇ."

ಹೊರಗೆ ಪಾತ್ರೆ ತೊಳೆಯುತ್ತಿದ್ದ ಮಾನ್ಯಾಳಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಬೆಂಕಿಗೆ ತುಪ್ಪವಾಯಿತು. ಅಂದಿನಿಂದ ಬಟ್ಟಲುಗಳ ಓಡಾಟ ನಿಂತಿತು. ಮಿಕ್ಸಿ ಯಾರದು, ಬಾವಿಕಟ್ಟೆ ಗುಡಿಸುವ ಸರದಿ ಯಾರದು, ಕರಿಬೇವಿನ ಗಿಡದಿಂದ ಕೇಳದೆ ಕಿತ್ತದ್ದು ಯಾರು, ಎಲ್ಲಕ್ಕೂ ಮಾತು ಬೆಳೆಯಿತು. ಜಗಲಿಗೆ ಮೊದಲು ಒಂದು ಪರದೆ ಬಂತು. ಆಮೇಲೆ ರಿತೇಶ್ ಪ್ಲೈವುಡ್ಡಿನ ಬಾಗಿಲು ಹಾಕಿಸಿದ, ಚಿಲಕ ಸಮೇತ. ಮನೆಯೊಂದು ಮೂರು ಬಾಗಿಲು ಎಂದು ಊರವರ ಮನೆಗಳ ಬಗ್ಗೆ ಹೇಳುತ್ತಿದ್ದ ಅಮ್ಮಣ್ಣಿ ತನ್ನ ಮನೆಯ ಬಾಗಿಲುಗಳನ್ನೇ ಎಣಿಸುವಂತಾಯಿತು. ಆ ಬಾಗಿಲು ಮುಚ್ಚಿದ ದಿನ ಅವಳು ಒಲೆಯ ಮುಂದೆ ಕೂತು ಅತ್ತಳು. ಹೊಗೆ ಎಂದು ಯಾರಿಗಾದರೂ ಹೇಳೋಣವೆಂದರೆ ತಾಯಿಯ ಒಲೆಯ ಜಾಗಕ್ಕೆ ಗ್ಯಾಸು ಬಂದ ಮೇಲೆ ಹೊಗೆಯೂ ಇಲ್ಲ.

ಇತ್ತ ಓಣಿಯಲ್ಲಿ ಇನ್ನೊಂದು ಕತೆ ನಡೆದಿತ್ತು. ಅಮ್ಮಣ್ಣಿಯ ಮನೆಗೆ ಎರಡು ಪಾಲು ಬಂದದ್ದನ್ನು ಎಲ್ಲರೂ ನೋಡಿದ್ದರು. ನೋಡಿದವರು ಸುಮ್ಮನಿರಲು ಅವರೇನು ಸನ್ಯಾಸಿಗಳೇ?

ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಬೇಲಿಯ ಆಚೆಯಿಂದ ಪಿಸುಗುಟ್ಟಿದಳು: "ಅಮ್ಮಣ್ಣಿ, ನಮ್ಮ ಮಗ ಡೆನ್ಜಿಲ್ ಎಂತ ಮಾಡಿದ ಗೊತ್ತುಂಟಾ? ಕಾರಿನ ಶೆಡ್ಡಿನಲ್ಲಿ ಇಂಡಕ್ಷನ್ ಇಟ್ಟಿದ್ದಾನೆ. ದಿನಕ್ಕೆ ಒಂದು ಮೊಟ್ಟೆ ಬೇಯಿಸ್ತಾನೆ, ಫೋಟೋ ತೆಗೆದು ಮಾಸ್ಟ್ರಿಗೆ ಕಳಿಸ್ತಾನೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಶೆಡ್ಡಿನೊಟ್ಟಿಗೆ ಬೇರೆ ಸಂಸಾರ!"

"ಮಾಸ್ಟ್ರು ಒಪ್ಪಿದ್ರಾ?"

"ನಿಮ್ಮ ಜಗಲಿಗೆ ಒಪ್ಪಿದ್ಮೇಲೆ ನಮ್ಮ ಶೆಡ್ಡಿಗೆ ಎಂತ ದೋಷ?"

ಗ್ಲ್ಯಾಡಿಸ್ ಬಾಯಿ ನಗುತ್ತಲೇ ಹೇಳಿದಳು. ಅಮ್ಮಣ್ಣಿಗೆ ನಗು ಬರಲಿಲ್ಲ.

ಒಲೆಗಳು ಹೆಚ್ಚಿದವು, ಕುದ್ರು ಮಾತ್ರ ಇದ್ದಷ್ಟೇ ಇತ್ತು. ಬೋಟು ಅಷ್ಟೇ, ದಾರಿ ಅಷ್ಟೇ, ಬರುವ ಜನವೂ ಅಷ್ಟೇ. ವಾರದಲ್ಲಿ ನಾಲ್ಕೈದು ದಿನ ಬರುತ್ತಿದ್ದ ಸರದಿ ವಾರಕ್ಕೊಮ್ಮೆ ಎಂಬಂತಾಯಿತು. ಎರಡು ಸಂಬಳದ ಮನೆಗಳು ಗೊಣಗಿಕೊಂಡು ಸುಮ್ಮನಾದವು. ಮುಮ್ತಾಝಳ ಮನೆಗೆ ಹಾಗಲ್ಲ. ಅವಳ ಗಂಡ ಯಾಹ್ಯಾ ಪಾರ್ಶ್ವವಾಯು ಬಡಿದು ಮಲಗಿದ್ದ. ಹಲಗೆದಾರಿ ಗುಡಿಸುವ ಸರದಿಯೇ ಅವಳ ಅನ್ನ. ಎರಡನೆಯ ಒಲೆ ಇಡಲು ಅವಳಿಗೆ ಜಗಲಿಯೂ ಇಲ್ಲ, ಅದನ್ನು ಹಚ್ಚಲು ಮನಸ್ಸೂ ಬರಲಿಲ್ಲ.

ಅದೊಂದು ಬುಧವಾರ ಮಾನ್ಯಾ ಮಧ್ಯಾಹ್ನವೇ ಮನೆಗೆ ಬಂದಳು. ಟೊಪ್ಪಿಯನ್ನು ಮೂಲೆಗೆಸೆದು, ತಾಯಿಯ ಮುಂದೆ ಕುಕ್ಕರಿಸಿದಳು.

"ಎಂತ ಆಯ್ತು ಮಗಾ?"

"ಕಂಬದ ಒಳಗೆ ಮುಮ್ತಾಝಕ್ಕ ಇದ್ರು. ಕೆಸರಿನಲ್ಲಿ ಕೂತು ಮರುವಾಯಿ ಹೆಕ್ತಾ ಇದ್ರು."

"ಮುಮ್ತಾಝಾ?"

"ನಾನು ಗೆಸ್ಟುಗಳಿಗೆ ಕೊಕ್ಕರೆ ತೋರಿಸ್ತಾ ಇದ್ದೆ. ಒಬ್ಬರು, 'ಅಲ್ಲಿ ಯಾರೋ ಇದ್ದಾರೆ,' ಅಂದ್ರು. ನೋಡಿದ್ರೆ ಇವ್ರು. ನಾನು ಸೀಟಿ ಊದಬೇಕಿತ್ತಮ್ಮ, ಅದು ನನ್ನ ಡ್ಯೂಟಿ. ಬಾಯಿವರೆಗೆ ತಂದೆ. ಊದ್ಲಿಕ್ಕೆ ಆಗ್ಲಿಲ್ಲ. ಚಿಕ್ಕವಳಿದ್ದಾಗ ಅದೇ ಕೆಸರಿನಲ್ಲಿ ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಹೆಕ್ಕಿದವರಲ್ವಾ?" ಮಾನ್ಯಾ ಕೊರಳಿನ ಸೀಟಿಯನ್ನು ಕಳಚಿದಳು. "ಗಾರ್ಡ್ ಬಂದು ಹಿಡಿದ್ರು. ಬುಟ್ಟಿ ತೆಗೊಂಡ್ರು. ನಾನು ಯಾಕೆ ಊದ್ಲಿಲ್ಲ ಅಂತ ನನಗೂ ಬೈದ್ರು. ಆದಿತ್ಯವಾರ ಮೀಟಿಂಗ್ ಅಂತೆ. ಮುಮ್ತಾಝಕ್ಕನ ಪಾಲು ಒಂದು ವರ್ಷ ಕಟ್."

ಅಮ್ಮಣ್ಣಿ ಸೆರಗು ಸಿಕ್ಕಿಸಿಕೊಂಡು ಸೀದಾ ಓಣಿಯ ಕೊನೆಯ ಮನೆಗೆ ನಡೆದಳು. ಮುಮ್ತಾಝ್ ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಉಗುರಿನಲ್ಲಿ ಇನ್ನೂ ಕೆಸರಿತ್ತು.

"ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಅಮ್ಮಣ್ಣಿ ಸಿಟ್ಟಿನಿಂದಲೇ ಕೇಳಿದಳು. "ಅಕ್ಕಿ ಇಲ್ಲ ಅಂತ ಹೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ, ಅಮ್ಮಣ್ಣಕ್ಕ. ಯಾವ ಒಲೆಯಿಂದ ಕೊಡ್ತಿದ್ರಿ?"

ಮುಮ್ತಾಝ್ ಸಿಟ್ಟಿನಿಂದ ಕೇಳಿರಲಿಲ್ಲ, ಎಲೆಯಿಂದ ಕಣ್ಣನ್ನೂ ಎತ್ತಿರಲಿಲ್ಲ. ಅಮ್ಮಣ್ಣಿಗೆ ಮಾತ್ರ ಕೆನ್ನೆಗೆ ಬಾರಿಸಿದ ಹಾಗಾಯಿತು.

"ತಪ್ಪು ನಾನು ಮಾಡಿದ್ದೇ," ಎಂದಳು ಮುಮ್ತಾಝ್. "ಕಂಬದ ಒಳಗೆ ಹೋಗ್ಬಾರ್ದಿತ್ತು. ಈಗ ಅಲ್ಲಿ ಮರುವಾಯಿ ಎಷ್ಟು ದಪ್ಪ ಆಗಿದೆ ಗೊತ್ತುಂಟಾ? ಬಿಟ್ಟದ್ದಕ್ಕೆ ಬೆಳೆದಿದೆ. ಹೊರಗಿನ ಕೆಸರಿಗೂ ಅದರದ್ದೇ ಬೀಜ ಹೋಗುವುದು. ಅದನ್ನೇ ಹೆಕ್ಕಿದೆನಲ್ಲ ಅಂತ ಬೇಸರ ಉಂಟು ನನಗೆ. ಆದ್ರೆ ಇವ್ರ ಮದ್ದು ಮುಗಿದಿತ್ತು. ಸರದಿ ಬರ್ಲಿಕ್ಕೆ ಇನ್ನೂ ಎಷ್ಟೋ ದಿನ ಇತ್ತು."

ಅಮ್ಮಣ್ಣಿ ಹಿಂತಿರುಗುವಾಗ ಹೊಳೆಯ ಕಡೆ ನೋಡಲಿಲ್ಲ. ಮಕ್ಕಳಿಬ್ಬರಿಗೂ ದಾರಿಯಾಗಲಿ ಎಂದು ಮಾಡಿದ ಕೆಲಸ ಜೊತೆಗಾತಿಯ ದಾರಿಗೆ ಮುಳ್ಳು ಹಾಕಿತ್ತು. ಇತ್ತ ಮನೆಯೂ ಮನೆಯಾಗಿ ಉಳಿದಿರಲಿಲ್ಲ. ಆದಿತ್ಯವಾರ ನಿಜ ಹೇಳುವುದೆಂದು ಅವಳು ಗಟ್ಟಿ ಮಾಡಿಕೊಂಡಳು. ಹೇಳಿದರೆ ಮುಮ್ತಾಝಳ ಪಾಲೂ ಉಳಿಯುತ್ತದೆ, ಜಗಲಿಯ ಒಲೆಯೂ ಹೋಗುತ್ತದೆ, ಸೊಸೆಯೂ ಒಳಗೆ ಬರುತ್ತಾಳೆ. ಒಂದೇ ಕಲ್ಲಿಗೆ ಮೂರು ಹಕ್ಕಿ. ಮಕ್ಕಳಲ್ಲಿ ಒಬ್ಬರ ಕೆಲಸ ಹೋಗುತ್ತದೆ ಎಂಬುದನ್ನು ಮಾತ್ರ ಅವಳು ಮನಸ್ಸಿನ ಮೂಲೆಗೆ ನೂಕಿದಳು.

ಮೀಟಿಂಗು ಬೋಟುಕಟ್ಟೆಯ ಶಾಮಿಯಾನದ ಕೆಳಗೆ. ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಂದವರು, ಮೀನು ಮಾರಿ ಬಂದವರು, ಎಲ್ಲರೂ ಸೇರಿದ್ದರು. ಗಾರ್ಡ್ ವಿಷಯ ಹೇಳಿದ. ಮುಮ್ತಾಝ್ ತಲೆ ತಗ್ಗಿಸಿ, "ಹೌದು, ಹೋಗಿದ್ದೆ," ಎಂದಳು.

"ನಿಯಮ ನಿಯಮವೇ," ಎಂದ ಡೆನ್ಜಿಲ್. "ಒಂದು ವರ್ಷ ಪಾಲಿಲ್ಲ."

"ನೀನು ಕೂತ್ಕೊ ಮಾರಾಯ," ಎಂದು ಅಮ್ಮಣ್ಣಿ ಎದ್ದಳು. "ಮಾಸ್ಟ್ರೇ, ಅವಳನ್ನು ಕಂಬದ ಒಳಗೆ ನೂಕಿದ್ದು ನಾವು. ಅವಳ ಸರದಿಯನ್ನು ತಿಂದದ್ದು ನಮ್ಮ ಒಲೆ. ನಮ್ಮ ಜಗಲಿಯ ಒಲೆ ಸುಳ್ಳು. ಎರಡು ಪಾಲಿನ ಆಸೆಗೆ ಇಟ್ಟದ್ದು. ನಮ್ಮದು ಒಂದೇ ಒಲೆ, ಹಾಗೇ ಬರ್ಕೊಳ್ಳಿ."

ಶಾಮಿಯಾನದ ಕೆಳಗೆ ಗುಜುಗುಜು ಎದ್ದಿತು. ತುಕ್ರಣ್ಣನಿಗೆ ಎಲ್ಲಾದರೂ ಓಡಿಹೋಗೋಣ ಎನಿಸಿತು. "ಅಮ್ಮ, ನಿನಗೆ ಮಂಡೆ ಸಮ ಉಂಟಾ?" ಎಂದು ರಿತೇಶ್ ಗದರಿದ. ಅಷ್ಟರಲ್ಲಿ ಅವನ ಪಕ್ಕದಲ್ಲಿ ಕೂತಿದ್ದ ಅಕ್ಷಿತಾ ಎದ್ದು ನಿಂತಳು. ಮಾಸ್ಟ್ರ ಕಡೆ ತಿರುಗಿದಳು.

"ಮಾಮಿ ಹೇಳಿದ್ದು ಅರ್ಧ ಸತ್ಯ ಮಾಸ್ಟ್ರೇ. ಇಡುವಾಗ ಅದು ಸುಳ್ಳೊಲೆಯೇ. ಈಗ ಅಲ್ಲ."

"ಎಂತ ಅಲ್ಲ?" ಎಂದಳು ಅಮ್ಮಣ್ಣಿ.

"ಹಾಲುಕ್ಕಿಸಿದ್ದು ನೀವೇ ಅಲ್ವಾ ಮಾಮಿ? ನಾನು ಅಲ್ಲಿ ದಿನಾ ಅಡುಗೆ ಮಾಡಿದ್ದೇನೆ. ನನಗೆ ಬೇಕಾದ್ದು ಬೇಯಿಸಿ ಉಂಡಿದ್ದೇನೆ. ಇನ್ನು ನಿಮ್ಮ ಅಡುಗೆಮನೆಗೆ ಬಂದು, ತೆಂಗಿನಕಾಯಿ ಎಷ್ಟು, ಮೆಣಸು ಎಷ್ಟು ಅಂತ ನಿಮ್ಮ ಮುಖ ನೋಡಿಕೊಂಡು ನಿಲ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಪಾಲು ಬೇಡದಿದ್ರೆ ಬೇಡ. ಒಲೆ ನಾನು ಆರಿಸುವುದಿಲ್ಲ."

  ಅಮ್ಮಣ್ಣಿಗೆ ಕಾಲಿನ ಕೆಳಗಿನ ಕೆಸರು ಜಾರಿದಂತಾಯಿತು. ನಾಲ್ಕು ಜನರ ಮುಂದೆ ಸೊಸೆ ಹೀಗೆ ಹೇಳಿದಳಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣವೇ, ಮೂರು ವರ್ಷ ಈ ಹುಡುಗಿ ತನ್ನ ಮುಖ ನೋಡಿಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು. ತಾನೂ ಒಂದು ಕಾಲದಲ್ಲಿ ತಾಯಿಯ ಮುಖ ನೋಡಿಕೊಂಡು ನಿಂತವಳೇ. ತಾಯಿ ತೀರಿಕೊಂಡ ಮೇಲೆಯೇ ತನಗೆ ಸೌಟು ಸಿಕ್ಕಿದ್ದು. ಇವಳೂ ಅಷ್ಟು ಕಾಲ ಕಾಯಬೇಕೇ?

ನೊರ್ಬರ್ಟ್ ಮಾಸ್ಟ್ರು ಕೆಮ್ಮಿದರು. "ಹಾಗಾದ್ರೆ ಅಮ್ಮಣ್ಣಕ್ಕ, ನಿಮ್ಮ ಮನೆಯಲ್ಲಿ ಎರಡು ಒಲೆ ಇರುವುದು ನಿಜವೇ ಆಯ್ತಲ್ಲ?"

"ಇಲ್ಲ ಮಾಸ್ಟ್ರೇ. ಒಂದೇ."

"ನಿಮ್ಮ ಸೊಸೆ ಆರಿಸುವುದಿಲ್ಲ ಅಂತಾರೆ."

"ಅವಳು ಆರಿಸುವುದು ಬೇಡ. ನಾನು ಆರಿಸ್ತೇನೆ." ಅಮ್ಮಣ್ಣಿ ಸೊಸೆಯ ಕಡೆ ತಿರುಗಿದಳು. "ನೀನು ನನ್ನ ಒಲೆಗೆ ಬರುವುದು ಬೇಡ ಮಗಾ. ನಾನು ನಿನ್ನ ಒಲೆಗೆ ಬರ್ತೇನೆ. ಕರೀತಿಯಾ?"

ಅಕ್ಷಿತಾ ಹೂಂ ಎಂದು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯಿತು.

"ಹಾಗಾದ್ರೆ ನನಗೆ ಇನ್ನು ಒಂದೇ ಊಟವಾ?" ಎಂದ ತುಕ್ರಣ್ಣ. ಇಡೀ ಶಾಮಿಯಾನ ಗೊಳ್ಳೆಂದು ನಕ್ಕಿತು.

ನಗು ನಿಂತ ಮೇಲೆ ಮಾಸ್ಟ್ರು ತೀರ್ಪು ಹೇಳಿದರು. ಅಮ್ಮಣ್ಣಿಯ ಮನೆಗೆ ಇನ್ನು ಒಂದು ಪಾಲು. ಬಿಟ್ಟುಕೊಟ್ಟ ಸರದಿಯ ದಿನಗಳೆಲ್ಲ ಮುಮ್ತಾಝಳಿಗೆ. ಅವಳ ತಪ್ಪಿಗೆ ಈ ಸಲ ಎಚ್ಚರಿಕೆ ಮಾತ್ರ. ಗಾರ್ಡ್ ಮುಖ ಗಂಟು ಹಾಕಿದ, ಆದರೆ ಬುಟ್ಟಿ ಹಿಂದೆ ಕೊಟ್ಟ. "ಇನ್ನು ಯಾರದ್ದಾದ್ರೂ ಸುಳ್ಳೊಲೆ ಉಂಟಾ?" ಎಂದು ಮಾಸ್ಟ್ರು ಕನ್ನಡಕದ ಮೇಲಿಂದ ನೋಡಿದರು. ಗ್ಲ್ಯಾಡಿಸ್ ಬಾಯಿ ಮಗನ ಪಕ್ಕೆಗೆ ತಿವಿದಳು. "ಶೆಡ್ಡಿಗೆ ಕಾರು ತರ್ಬೇಕು ಅಂತಿದ್ದೇನೆ," ಎಂದು ಡೆನ್ಜಿಲ್ ಗೊಣಗಿದ. ಇನ್ನೂ ಒಂದಿಬ್ಬರು ಕೈಯೆತ್ತಿದರು. ಎತ್ತದವರೂ ಇದ್ದರು, ಅವರ ಒಲೆ ಇವತ್ತಿಗೂ ಉರಿಯುತ್ತಿರಬಹುದು.

ಆದರೆ ನಿಜವಾದ ಪೇಚು ಮನೆಯಲ್ಲಿ ಕಾದಿತ್ತು. ಒಂದು ಪಾಲು ಎಂದರೆ ಒಬ್ಬರಿಗೆ ಕೆಲಸ. ಯಾರಿಗೆ?

ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಐವರೂ ಕೂತರು. ಪ್ಲೈವುಡ್ಡಿನ ಬಾಗಿಲು ತೆರೆದಿತ್ತು. ರಿತೇಶನ ಮುಖ ಊದಿಕೊಂಡಿತ್ತು. ಮಾನ್ಯಾ ಅನ್ನದ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದು ತಿಂಗಳಾಗಿತ್ತು.

"ಹೇಳು ಅಮ್ಮ, ಯಾರು ಬಿಡ್ಬೇಕು?" ಎಂದ ರಿತೇಶ್. "ಎಲ್ಲ ನೀನೇ ನಿಶ್ಚಯ ಮಾಡುವುದಲ್ವಾ?"

ಮಾತು ಅಮ್ಮಣ್ಣಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಇಷ್ಟು ವರ್ಷದ ಅಭ್ಯಾಸ. ಅವಳು ಅದನ್ನು ನುಂಗಿಕೊಂಡಳು. "ಪಾಲು ಒಲೆಗೆ. ಒಲೆ ಅಕ್ಷಿತಾಳದ್ದು. ಅವಳೇ ಹೇಳ್ಲಿ."

ಹೇಳಿದ ಮೇಲೆ ಅವಳಿಗೆ ಯೋಚನೆ ಹತ್ತಿತು. ಸೊಸೆ ಇನ್ನೇನು ಹೇಳಿಯಾಳು? ಗಾಳಿ ಬೀಸಿದ ದಿನ ಅನ್ನ ಇಳಿಯದ ಹುಡುಗಿ ಗಂಡನ ಹೆಸರನ್ನಲ್ಲದೆ ಬೇರೆ ಯಾರದು ಹೇಳುತ್ತಾಳೆ? ತನ್ನ ಕೈಯಾರೆ ಮಗಳ ಟೊಪ್ಪಿ ಕಿತ್ತು ಕೊಟ್ಟಂತಾಯಿತಲ್ಲ ಎಂದುಕೊಂಡಳು.

ಅಕ್ಷಿತಾ ಸೌಟನ್ನು ಪಾತ್ರೆಯಲ್ಲಿಟ್ಟಳು. ಗಂಡನ ಮುಖ ನೋಡಿದಳು, ನಾದಿನಿಯನ್ನು ನೋಡಿದಳು.

"ಇವ್ರಿಗೆ ಸಮುದ್ರ ಗೊತ್ತುಂಟು," ಎಂದಳು. "ಎಲ್ಲಿ ಹೋದ್ರೂ ಕೆಲಸ ಸಿಗ್ತದೆ. ಮಾನ್ಯಾಳಿಗೆ ಆ ಅಂಗಡಿ ಬಿಟ್ರೆ ಇದೇ. ಮಾನ್ಯಾ ಹೋಗ್ಲಿ."

ಮಾನ್ಯಾ ತಟ್ಟನೆ ತಲೆಯೆತ್ತಿದಳು. "ಅತ್ತಿಗೆ!"

"ಆದ್ರೆ ಒಂದು ಮಾತು," ಅಕ್ಷಿತಾ ರಿತೇಶನ ಕಡೆ ತಿರುಗಿದಳು. "ಹತ್ತು ದಿನದ ಬೋಟಿಗೆ ಹೋದ್ರೆ ಈ ಒಲೆಯಲ್ಲಿ ನಿಮಗೆ ಊಟ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟು ನೋಡಿ. ದುಡ್ಡು ಕಡಿಮೆ ಬಂದ್ರೆ ಕಡಿಮೆಯಲ್ಲಿ ಉಣ್ಣುವ."

ರಿತೇಶ್ ತಾಯಿಯನ್ನು ನೋಡಿದ. ತಾಯಿ ತನ್ನ ತಟ್ಟೆಯನ್ನು ನೋಡಿಕೊಂಡಳು. ಬೇರೆ ಗತಿಯಿಲ್ಲದೆ, "ಆಯ್ತು ಮಾರಾಯ್ತಿ, ನಾಳೆ ದಕ್ಕೆಯಲ್ಲಿ ಕೇಳ್ತೇನೆ," ಎಂದ. ಅವನ ಊದಿದ ಮುಖ ಅರ್ಧ ಇಳಿದಿತ್ತು. ಪೂರ್ತಿ ಇಳಿಯಲು ಒಂದು ವಾರ ಬೇಕಾಯಿತು.

ಊಟ ಮುಗಿಯಿತು. ತುಕ್ರಣ್ಣ ಬೀಡಿ ಹಚ್ಚಿಕೊಂಡು ಹೊಳೆಯ ಕಡೆ ಹೋದ. ಮಾನ್ಯಾ ಅಣ್ಣನ ತಟ್ಟೆಯನ್ನೂ ತಾನೇ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು. ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಅಮ್ಮಣ್ಣಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೇರೆಯವರ ಅಡುಗೆಮನೆಯಲ್ಲಿ ಅವಳು ನಿಂತದ್ದು ಮದುವೆ ಮನೆಗಳಲ್ಲಿ ಮಾತ್ರ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು:

"ನಾಳೆಗೆ ಎಂತ ಮಾಡುವ ಅಕ್ಷಿತಾ?"

ಮೂರು ವರ್ಷ ದಿನವೂ ಈ ಪ್ರಶ್ನೆಯನ್ನು ಕೇಳಿದವಳು ಸೊಸೆ. ಉತ್ತರ ಕೊಟ್ಟವಳು ಅತ್ತೆ. ಇಬ್ಬರಿಗೂ ಅದು ಒಮ್ಮೆಲೇ ಹೊಳೆಯಿತು.  ನೀವೇ ಹೇಳಿ ಮಾಮಿ ಎನ್ನುವಳೋ ಎಂದು ಅಮ್ಮಣ್ಣಿ ಆಸೆಯಿಂದ ನೋಡಿದಳು. ಹಾಗೆ ಹೇಳಿದ್ದರೆ ಎಲ್ಲ ಮೊದಲಿನ ಹಾಗೇ ಆಗುತ್ತಿತ್ತು.

"ಬಂಗುಡೆ ಬಂದ್ರೆ ಪುಳಿಮುಂಚಿ," ಎಂದಳು ಅಕ್ಷಿತಾ. "ನಾನು ಪುಂಡಿ ಮಾಡ್ತೇನೆ. ಮಸಾಲೆ ನೀವು ಕಡೀರಿ. ಹುಳಿ ಮಾತ್ರ ಸ್ವಲ್ಪ ಕಡಿಮೆ ಹಾಕಿ ಮಾಮಿ."

ಹುಳಿಯ ವಿಷಯದಲ್ಲಿ ಅಮ್ಮಣ್ಣಿ ಸೌಟು ಸಿಕ್ಕಿದ ಮೇಲೆ ಯಾರ ಮಾತನ್ನೂ ಕೇಳಿದವಳಲ್ಲ.

"ಆಯ್ತು," ಎಂದಳು.